ಸೆಲೀನಿಯಮ್ಮಿನ ಗುಳಿಗೆ

ಗ್ರೀಕರ ಚಂದ್ರದೇವತೆಯ ಹೆಸರನ್ನು ಹೊತ್ತ ಸೆಲೀನಿಯಮ್ ಎಂಬ ಮೂಲವಸ್ತುವು 1817ರಲ್ಲಿ ಸ್ವೀಡನ್ ದೇಶದ ಬರ್ಜೀಲಿಯಸ್ ಪಂಡಿತನಿಗೆ ಗೋಚರವಾಯಿತು. ಅಮರಕೋಶವು ಚಂದ್ರನನ್ನು ಓಷಧೀಶನೆನ್ನುತ್ತದೆ. ಆ ಹೆಸರಿನ ಬಲವೋ ಏನೋ, ನಮ್ಮ ವಯಸ್ಸಿನ ಮಿತ್ರರೊಬ್ಬರು ಇದರ ಗುಳಿಗೆಯನ್ನು ನಿತ್ಯವೂ ನುಂಗುತ್ತಿದ್ದರು.

ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಕೋಶಗಳು ಸೆಲೀನಿಯಮ್ಮಿನ ಕೆಲವು ಸಂಯುಕ್ತಗಳು ಸೋಕಿದೊಡನೆ ವಿಭಜನೆಯನ್ನು ನಿಲ್ಲಿಸಿ, ತಮ್ಮೊಳಗಿನ ಕಿಣ್ವಗಳಿಂದಲೇ ತುಂಡಾಗಿ ಅಳಿಯುವುದು ನಿಜವೇ. ದೇಹವಾದರೋ ಗಾಜಿನ ಪಾತ್ರೆಯಲ್ಲ. ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಮಿಕ್ಕ ಪುರುಷರನ್ನು ಸೇರಿಸಿಕೊಂಡು 2001ರಲ್ಲಿ ಆರಂಭವಾದ ಪರೀಕ್ಷೆಯಲ್ಲಿ ಪ್ರಯೋಜನವು ಕಾಣದೆ 2008ರಲ್ಲಿ ಗುಳಿಗೆಗಳನ್ನು ನಿಲ್ಲಿಸಿದರು. ಮೊದಲೇ ಸೆಲೀನಿಯಮ್ ಹೆಚ್ಚಾಗಿದ್ದವರಲ್ಲಿ ಗುಳಿಗೆಯಿಂದ ಉಗ್ರರೂಪದ ಕ್ಯಾನ್ಸರಿನ ಸಂಭವವು ಏರಿತೆಂದು 2014ರಲ್ಲಿ ತಿಳಿದುಬಂದಿತು.

ಇದನ್ನು ಕೇಳಿದ ಮಿತ್ರರು ಸೀಸೆಯನ್ನು ಕೆಳಗಿಟ್ಟು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗಿದೆಯೆಂದು ಮೊದಲ ಬಾರಿಗೆ ಹೇಳಿದರು. ನಾವು ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು.