ಕಬ್ಬಿಣದ ಮಾತ್ರೆ: ತಿಳಿಯುವಂತೆ ಹೇಳಿರಿ

ಬಸುರಿಯರಿಗೆ ನಾಲ್ಕನೆಯ ತಿಂಗಳಿನಿಂದ, ದಿನಕ್ಕೊಂದರಂತೆ 180 ದಿನ ನುಂಗಲು ಸರ್ಕಾರ ಕಬ್ಬಿಣದ ಮಾತ್ರೆ ಕೊಡುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬರುವ ಹೊತ್ತಿಗೆ ನಮ್ಮ ಮಾಯಕೊಂಡದ ಕಡೆಯ ಹೆಣ್ಣಾಳುಗಳು ಅಡಿಕೆ ಸುಲಿತದಲ್ಲಿರುವುದುಂಟು. ಆದುದರಿಂದ ಬೆಳೆಗಾರರ ಮನೆಯವರೂ ನಾಲ್ಕು ಮಾತು ಹೇಳಬೇಕಾಗುತ್ತದೆ.

"ಕಬ್ಬಿಣಾಂಶದ ಕೊರತೆ" ಎಂದರೆ ಅವರು ತಲೆಯಾಡಿಸುತ್ತಾರೆ, ಅಷ್ಟೆ. "ಮೈಯಲ್ಲಿ ರಕ್ತ ಕಡಿಮೆ, ಅದಕ್ಕೇ ಸುಸ್ತು, ಏದುಸಿರು" ಎನ್ನಿರಿ. ಚಹಾ, ಕಾಫಿಯ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡದು. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಅವು ಬೇಡ. (ಕಾಫಿ ಬೆಳೆಗಾರರು ಬೇಸರಿಸಬಾರದು, ಆಮೇಲೆ ಕುಡಿಯಲು ಅಡ್ಡಿಯಿಲ್ಲ.) "ವಿಟಮಿನ್ ಸಿ" ಎನ್ನುವ ಬದಲು ಒಂದು ನಿಂಬೆಹಣ್ಣನ್ನೇ ಕೈಗಿಡಿ. ಪೇಟೆಯ ಹಣ್ಣಿನ ಹೆಸರು ಹೇಳುವುದಕ್ಕಿಂತ ಬೇಲಿಯ ನುಗ್ಗೆಸೊಪ್ಪು ತೋರಿಸುವುದು ಮೇಲು.

ಮುಖ್ಯವಾದುದು ಇನ್ನೊಂದಿದೆ. ಈ ಮಾತ್ರೆಯಿಂದ ಮಲ ಕಪ್ಪಾಗುತ್ತದೆ. ಅದರಿಂದ ಅಪಾಯವಿಲ್ಲ. ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ನಾಚಿಕೆಯಿಂದ ಯಾರನ್ನೂ ಕೇಳುವುದಿಲ್ಲ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ನುಂಗಲಿ.

ಕೊನೆಗೆ "ತಿಳಿಯಿತೇ?" ಎನ್ನಬೇಡಿ, ಎಲ್ಲರೂ ಹೂಂ ಎನ್ನುವರು. "ಮನೆಗೆ ಹೋಗಿ ಅತ್ತೆಗೆ ಏನಂತ ಹೇಳ್ತೀಯವ್ವ?" ಎಂದು ಕೇಳಿರಿ. ತಪ್ಪಿದಷ್ಟನ್ನು ಮಾತ್ರ ಮತ್ತೆ ಹೇಳಿರಿ.