ನರಹುಲಿಗೆ ಬೇರಿಲ್ಲ

ಅಂಗಾಲಲ್ಲಿ ಗಟ್ಟಿ ಗಂಟೊಂದು ಎದ್ದು, ಹೆಜ್ಜೆ ಊರಿದಾಗೆಲ್ಲ ಚುಚ್ಚತೊಡಗಿದರೆ ನಮ್ಮಲ್ಲಿ ಹೆಚ್ಚಿನವರು ಅದನ್ನು ಆಣಿ ಎಂದೇ ತಿಳಿದು ಬ್ಲೇಡು ಹಿಡಿದು ಕೂರುತ್ತಾರೆ. ದಯವಿಟ್ಟು ಬೇಡ. ಅದು ನರಹುಲಿಯಾಗಿದ್ದರೆ ಕೊಯ್ದ ಜಾಗದ ಸುತ್ತ ಇನ್ನೂ ನಾಲ್ಕು ಹುಟ್ಟಬಹುದು.

ಕಾಲನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಒರೆಸಿ, ಒಳ್ಳೆಯ ಬೆಳಕಲ್ಲಿ ನೋಡಿ. ಆಣಿಯ ಮೇಲೆ ಚರ್ಮದ ಗೆರೆಗಳು ಹಾಗೇ ಹಾದುಹೋಗಿರುತ್ತವೆ. ನೇರವಾಗಿ ಒತ್ತಿದರೆ ನೋವು. ನರಹುಲಿಯಲ್ಲಿ ಗೆರೆಗಳು ಗಂಟನ್ನು ಬಳಸಿ ಪಕ್ಕಕ್ಕೆ ಸರಿದಿರುತ್ತವೆ. ಎರಡು ಬೆರಳಲ್ಲಿ ಪಕ್ಕದಿಂದ ಹಿಂಡಿದರೆ ನೋವು ಹೆಚ್ಚು. ಜೊತೆಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಬಹುಪಾಲು ನರಹುಲಿಯೇ. ಈ ಚುಕ್ಕೆಗಳನ್ನೇ ಜನ ಬೇರು ಎನ್ನುವುದು. ಅವು ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. ನರಹುಲಿ ಚರ್ಮದ ಮೇಲ್ಪದರದಲ್ಲಷ್ಟೇ ಬೆಳೆಯುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಬಗೆದು ತೆಗೆಯಲು ಅಲ್ಲಿ ಏನೂ ಇಲ್ಲ.

ಇದಕ್ಕೆ ಕಾರಣ ಎಚ್‌ಪಿವಿ ವೈರಸ್. ಕಣ್ಣಿಗೆ ಕಾಣದ ಗೀರು, ಒಡೆದ ಹಿಮ್ಮಡಿ, ಕಚ್ಚಿದ ಉಗುರಂಚು ಸಾಕು, ಒಳಗೆ ಸೇರುತ್ತದೆ. ಗಂಟು ಕಾಣಿಸುವುದು ಎಷ್ಟೋ ತಿಂಗಳ ಮೇಲೆ. ಎಲ್ಲಿಂದ ಬಂತು ಎಂದು ಹುಡುಕುವುದು ವ್ಯರ್ಥ. ದೇಹ ಅದನ್ನು ಗುರುತಿಸಿದ ದಿನದಿಂದ ತಾನೇ ಕರಗಿಸುತ್ತದೆ. ಮಕ್ಕಳಲ್ಲಿ ಹೆಚ್ಚಿನವು ಎರಡು ವರ್ಷದೊಳಗೆ ಮಾಯವಾಗುತ್ತವೆ. ನೋವಿಲ್ಲದಿದ್ದರೆ ಕಾಯುವುದೂ ಚಿಕಿತ್ಸೆಯೇ.

ಕಾಯಲಾಗದವರಿಗೆ ಔಷಧಿ ಅಂಗಡಿಯಲ್ಲಿ ಸುಮಾರು 17% ಸ್ಯಾಲಿಸಿಲಿಕ್ ಆಮ್ಲದ ದ್ರಾವಣ ಸಿಗುತ್ತದೆ. ರಾತ್ರಿ ನೆನೆಸಿ, ಬೆಳ್ಳಗಾದ ಸತ್ತ ಚರ್ಮವನ್ನು ಅರದಿಂದ ಮೆಲ್ಲಗೆ ಉಜ್ಜಿ, ಸುತ್ತ ವ್ಯಾಸಲಿನ್ ಸವರಿ, ಗಂಟಿನ ಮೇಲಷ್ಟೇ ಒಂದು ಹನಿ ಬಿಡಿ. ಆ ಅರವನ್ನು ಉಗುರಿಗೆ ಮುಟ್ಟಿಸಬಾರದು. ಉರಿ ಹೆಚ್ಚಾದರೆ ಎರಡು ದಿನ ಬಿಡಿ. ಮೂರು ತಿಂಗಳು ಹಿಡಿದೀತು. ಎರಡು ವಾರಕ್ಕೇ ಕೈಬಿಡುವುದರಿಂದಲೇ ಈ ಔಷಧಿಗೆ ಕೆಟ್ಟ ಹೆಸರು. ಚರ್ಮವೈದ್ಯರು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ, ಇಲ್ಲವೇ ವಿದ್ಯುತ್ತಿನಿಂದ ಸುಡುತ್ತಾರೆ. ಅದಾದ ಮೇಲೂ ಕೆಲವು ಮರಳುತ್ತವೆ.

ಸುಣ್ಣ-ಸೋಡ, ಗೇರು ಎಣ್ಣೆ, ಊದುಬತ್ತಿಯ ಕೆಂಡ ಮಾತ್ರ ಬೇಡವೇ ಬೇಡ. ಸುತ್ತಲಿನ ಒಳ್ಳೆಯ ಚರ್ಮ ಸುಟ್ಟು ಕಲೆ ಉಳಿಯುತ್ತದೆ. ಕತ್ತಿನಲ್ಲಿ ಜೋತಾಡುವ ಮೆತ್ತನೆಯ ಗಂಟುಗಳನ್ನೂ ಜನ ನರಹುಲಿ ಎನ್ನುತ್ತಾರೆ. ಅವು ಸಾಮಾನ್ಯವಾಗಿ ಬೇರೆ ಜಾತಿ, ಅಂಟುವುದಿಲ್ಲ.

ಮನೆಯಲ್ಲಿ ಒಬ್ಬರಿಗಿದ್ದರೆ ಟವೆಲ್, ಚಪ್ಪಲಿ, ರೇಜರ್ ಬೇರೆ ಇರಲಿ. ಈಜುಕೊಳ, ಹಾಸ್ಟೆಲಿನ ಬಚ್ಚಲಲ್ಲಿ ಚಪ್ಪಲಿ ಹಾಕಿಕೊಳ್ಳಿ. ಗಡ್ಡದಲ್ಲಿ ಚಪ್ಪಟೆ ಗಂಟುಗಳಿದ್ದರೆ ಕ್ಷೌರ ಕೆಲಕಾಲ ನಿಲ್ಲಿಸಿ. ಬ್ಲೇಡು ಎಳೆದ ದಾರಿಯುದ್ದಕ್ಕೂ ಅವು ಸಾಲುಗಟ್ಟುತ್ತವೆ.

ಸಕ್ಕರೆ ಕಾಯಿಲೆಯವರು ಪಾದಕ್ಕೆ ತಾವೇ ಆಮ್ಲ ಹಚ್ಚಬಾರದು. ಮುಖದ ಮೇಲಿದ್ದರೆ, ರಕ್ತ ಒಸರಿದರೆ, ಬಣ್ಣ ಬದಲಾದರೆ ವೈದ್ಯರಿಗೆ ತೋರಿಸಿ. ಗುಪ್ತಾಂಗದಲ್ಲಿದ್ದರೂ ಅಷ್ಟೇ, ನಾಚಿಕೆಪಟ್ಟು ಮುಚ್ಚಿಡಬೇಡಿ. ಅಲ್ಲಿನ ಗಂಟಿಗೆ ಬೇರೆ ತಳಿಯ ಎಚ್‌ಪಿವಿ ಕಾರಣ, ಹೆಚ್ಚಾಗಿ 6 ಮತ್ತು 11. ಇವೆರಡರ ಜೊತೆಗೆ ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ 16, 18ನ್ನೂ ತಡೆಯುವ ಲಸಿಕೆ ಈಗ ನಮ್ಮಲ್ಲೇ ಸಿಗುತ್ತದೆ. ಹದಿಹರೆಯದ ಆರಂಭದಲ್ಲೇ ಹಾಕಿಸುವುದು ಒಳ್ಳೆಯದು.