ಫ್ಯೂಸ್ ಕಟ್ಟುವ ಕಾಲ ಮುಗಿಯಲಿ

ಪಡಸಾಲೆಯ ಬಾಗಿಲ ಮೇಲೆ ಒಂದು ತೇಗದ ಹಲಗೆ. ಅದರ ಮೇಲೆ ಸಾಲಾಗಿ ಬಿಳಿ ಪಿಂಗಾಣಿಯ ಫ್ಯೂಸ್‌ಗಳು, ಪಕ್ಕದಲ್ಲಿ ಹಿಡಿಕೆ ಎಳೆದು ಆರಿಸುವ ಕಬ್ಬಿಣದ ಮೈನ್ ಸ್ವಿಚ್. ಮೈಸೂರಿನ ಅಗ್ರಹಾರದಲ್ಲಿ, ಬೆಂಗಳೂರಿನ ಬಸವನಗುಡಿ–ಮಲ್ಲೇಶ್ವರದ ಹಳೆಯ ಮನೆಗಳಲ್ಲಿ, ಮಲೆನಾಡಿನ ತೊಟ್ಟಿ ಮನೆಗಳಲ್ಲಿ, ಹುಬ್ಬಳ್ಳಿ–ಧಾರವಾಡದ ವಾಡೆಗಳಲ್ಲಿ ಈ ಹಲಗೆ ಇಂದಿಗೂ ಕೆಲಸ ಮಾಡುತ್ತಿದೆ. ಮನೆಗೆ ಬಣ್ಣ ಬಳಿಸುತ್ತೇವೆ, ನೆಲಕ್ಕೆ ಟೈಲ್ಸ್ ಹಾಕಿಸುತ್ತೇವೆ, ಅಡುಗೆಮನೆಗೆ ಹೊಸ ಕಪಾಟು ಮಾಡಿಸುತ್ತೇವೆ. ಈ ಹಲಗೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ‘ಉರೀತಿದೆಯಲ್ಲ, ಇರ್ಲಿ ಬಿಡಿ’ ಎಂಬುದೇ ಎಲ್ಲರ ಮಾತು.

ಇರಲಿ ಬಿಡಿ ಎನ್ನುವಂಥದ್ದಲ್ಲ ಅದು. ಇಡೀ ಮನೆಯಲ್ಲಿ ಮೊದಲು ಬದಲಾಯಿಸಬೇಕಾದ ವಸ್ತು ಯಾವುದೆಂದು ಕೇಳಿದರೆ ನನ್ನ ಉತ್ತರ ಆ ಹಲಗೆಯೇ.

ಒಂದು ದೀಪದ ಮನೆಗೆ ಹತ್ತು ಯಂತ್ರ

ಕರೆಂಟಿಗೆ ನಾವು ಹೊಸಬರಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ನಂತರದ ದಶಕಗಳಲ್ಲಿ ವೈರಿಂಗ್ ಆದ ಮನೆಗಳ ಲೆಕ್ಕಾಚಾರ ತೀರಾ ಸರಳವಾಗಿತ್ತು. ಕೋಣೆಗೊಂದು ಬಲ್ಬು, ನಡುಮನೆಗೆ ಫ್ಯಾನು, ಒಂದು ರೇಡಿಯೋ, ಇಸ್ತ್ರಿಪೆಟ್ಟಿಗೆಗೆ ಒಂದು ಪ್ಲಗ್. ಐದು ಆಂಪಿಯರ್ ತಾಳುವ ತಂತಿ ಅಷ್ಟಕ್ಕೆ ಧಾರಾಳ. ಭಾಗ್ಯಜ್ಯೋತಿ ಯೋಜನೆಯಲ್ಲಿ ಕರೆಂಟ್ ಪಡೆದ ಬಡವರ ಮನೆಗಳಿಗಂತೂ ಇದ್ದದ್ದು ಒಂದೇ ದೀಪದ ವೈರಿಂಗ್.

ಈಗ ಅದೇ ಮನೆಗಳಲ್ಲಿ ಏನೇನು ಓಡುತ್ತಿದೆ ನೋಡಿ. ಎರಡು ಕಿಲೋವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅಷ್ಟೇ ಸಾಮರ್ಥ್ಯದ ಇಂಡಕ್ಷನ್ ಒಲೆ ಇನ್ನೊಂದು 8.7. ಇವೆರಡರ ಮೇಲೆ ಫ್ರಿಜ್, ಮಿಕ್ಸಿ, ವಾಷಿಂಗ್ ಮಷಿನ್, ನೀರೆತ್ತುವ ಮೋಟಾರು. ಬೆಳಗಿನ ಏಳು ಗಂಟೆಗೆ, ಒಬ್ಬರು ಸ್ನಾನಕ್ಕೆ ನಿಂತು ಇನ್ನೊಬ್ಬರು ತಿಂಡಿಗೆ ಒಲೆ ಹಚ್ಚಿದ ಹೊತ್ತಿನಲ್ಲಿ, ಹಳೆಯ ತಂತಿಯ ಮೇಲೆ ಅದು ಹುಟ್ಟಿದಾಗ ಯಾರೂ ಊಹಿಸದ ಭಾರ ಬೀಳುತ್ತದೆ. ಬಳಕೆ ಬೆಳೆದ ಹಾಗೆ ಕಾವಲೂ ಬೆಳೆಯಬೇಕಿತ್ತು. ಅದು ಬೆಳೆಯಲಿಲ್ಲ.

ಫ್ಯೂಸಿನ ತಪ್ಪೇನು?

ಫ್ಯೂಸಿನ ತತ್ತ್ವದಲ್ಲಿ ತಪ್ಪಿಲ್ಲ. ಮಿತಿ ಮೀರಿ ಕರೆಂಟ್ ಹರಿದರೆ ಸಣ್ಣ ತಂತಿಯೊಂದು ಮೊದಲು ಕರಗಿ, ಗೋಡೆಯೊಳಗಿನ ದೊಡ್ಡ ತಂತಿಯನ್ನು ಉಳಿಸುತ್ತದೆ. ತೊಂದರೆ ಇರುವುದು ಕೈಯಲ್ಲಿ ಕಟ್ಟುವ ಫ್ಯೂಸಿನ ಸ್ವಭಾವದಲ್ಲಿ. ಒಂದನೆಯದು, ಅದರ ಮಂದಗತಿ. ಗುರುತಿಸಿದ ಮಿತಿಗಿಂತ ಸುಮಾರು ಎರಡು ಪಟ್ಟು ಕರೆಂಟ್ ಹರಿಯುವವರೆಗೂ ಅದು ಕರಗದೆ ನಿಲ್ಲಬಲ್ಲದು. ಅಷ್ಟು ಹೊತ್ತೂ ಗೋಡೆಯೊಳಗಿನ ತಂತಿ ಕಾಯುತ್ತಿರುತ್ತದೆ, ಅದರ ಮೇಲಿನ ಹೊದಿಕೆ ಗರಿಗರಿಯಾಗುತ್ತಿರುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಅದರ ಮಿತಿಯನ್ನು ನಿರ್ಧರಿಸುವುದು ಕಟ್ಟುವವರ ಕೈ. ರಾತ್ರಿ ಕರೆಂಟ್ ಹೋದಾಗ ಸರಿಯಾದ ಫ್ಯೂಸ್ ತಂತಿ ಸಿಗದೆ, ಹಳೆಯ ವೈರಿನಿಂದ ನಾಲ್ಕು ಎಳೆ ತಾಮ್ರ ಬಿಡಿಸಿ, ಹುರಿಮಾಡಿ ಸಿಕ್ಕಿಸಿದ ಮನೆಗಳು ಎಷ್ಟಿಲ್ಲ! ‘ಇನ್ನು ಹೋಗೋದೇ ಇಲ್ಲ’ ಎಂಬ ಸಮಾಧಾನ ಬೇರೆ. ಹೌದು, ಇನ್ನು ಫ್ಯೂಸ್ ಹೋಗುವುದಿಲ್ಲ. ಹೋಗುವುದಾದರೆ ಗೋಡೆಯೊಳಗಿನ ತಂತಿಯೇ ಹೋಗಬೇಕು.

ಮೂರನೆಯದು ಹಲವರಿಗೆ ತಿಳಿಯದ ಅಪಾಯ. ಹಳೆಯ ಹಲಗೆಗಳಲ್ಲಿ ಫೇಸ್‌ಗೊಂದು, ನ್ಯೂಟ್ರಲ್‌ಗೊಂದು ಫ್ಯೂಸ್ ಇಡುವ ರೂಢಿಯಿತ್ತು. ನ್ಯೂಟ್ರಲ್ ಫ್ಯೂಸ್ ಮಾತ್ರ ಕರಗಿದರೆ ದೀಪ ಆರುತ್ತದೆ, ಫ್ಯಾನು ನಿಲ್ಲುತ್ತದೆ. ಕರೆಂಟ್ ಇಲ್ಲವೆಂದುಕೊಂಡು ಹೋಲ್ಡರಿಗೆ ಕೈಹಾಕುತ್ತೇವೆ. ಆದರೆ ಫೇಸ್ ತಂತಿಯಲ್ಲಿ ಪೂರ್ತಿ 230 ವೋಲ್ಟ್ ಹಾಗೇ ಇರುತ್ತದೆ.

ಎಂಸಿಬಿ ಬೇರೆ, ಆರ್‌ಸಿಸಿಬಿ ಬೇರೆ

ಹಳೆಯ ಹಲಗೆಯ ಜಾಗಕ್ಕೆ ಬರುವ ಹೊಸ ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಬಾಕ್ಸಿನಲ್ಲಿ ಎರಡು ಬಗೆಯ ಕಾವಲುಗಾರರು ಬೇಕು. ಇವರ ಕೆಲಸ ಬೇರೆ ಬೇರೆ, ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಲಾರರು.

ಎಂಸಿಬಿ (ಮಿನಿಯೇಚರ್ ಸರ್ಕ್ಯೂಟ್ ಬ್ರೇಕರ್) ಕಾಯುವುದು ತಂತಿಯನ್ನು. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿಯಿದೆ. ಲೋಡ್ ಹೆಚ್ಚಾಗಿ ಕಾದಂತೆ ಅದು ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಜೊತೆಗೊಂದು ಸುರುಳಿಯಿದೆ. ಶಾರ್ಟ್ ಸರ್ಕ್ಯೂಟ್ ಆದಾಗ ಅದು ಅಯಸ್ಕಾಂತವಾಗಿ ಕ್ಷಣದಲ್ಲೇ ಕರೆಂಟ್ ಕಡಿಯುತ್ತದೆ. ಬಿ ವರ್ಗದ ಎಂಸಿಬಿ ತನ್ನ ಮಿತಿಯ 3ರಿಂದ 5 ಪಟ್ಟು ಕರೆಂಟಿಗೆ, ಸಿ ವರ್ಗದ್ದು 5ರಿಂದ 10 ಪಟ್ಟಿಗೆ ಹೀಗೆ ಥಟ್ಟನೆ ಬೀಳುತ್ತದೆ. ಶುರುವಾಗುವಾಗ ಹೆಚ್ಚು ಕರೆಂಟ್ ಎಳೆಯುವ ಮೋಟಾರು, ಏಸಿಗಳಿಗೆ ಸಿ ವರ್ಗ ಸರಿ. ಬಿದ್ದ ಎಂಸಿಬಿಯನ್ನು ದೋಷ ಹುಡುಕಿ ಸರಿಪಡಿಸಿದ ಮೇಲೆ ಮೇಲೆತ್ತಿದರಾಯಿತು. ತಂತಿ ಹುರಿಮಾಡುವ ಪ್ರಶ್ನೆಯೇ ಇಲ್ಲ.

ಆದರೆ ಎಂಸಿಬಿ ಮನುಷ್ಯನನ್ನು ಕಾಯುವುದಿಲ್ಲ. ಮನೆಯ ಅತಿ ಚಿಕ್ಕ ಎಂಸಿಬಿಗಳಲ್ಲೊಂದು 6 ಆಂಪಿಯರಿನದು, ಅಂದರೆ 6,000 ಮಿಲಿ ಆಂಪಿಯರ್. ಮೈಯಲ್ಲಿ ಹತ್ತು ಮಿಲಿ ಆಂಪಿಯರ್ ಆಸುಪಾಸು ಹರಿದರೆ ಸಾಕು, ಸ್ನಾಯು ಬಿಗಿದು ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. ಮೂವತ್ತು ದಾಟಿ ಹರಿಯುತ್ತಲೇ ಇದ್ದರೆ ಉಸಿರಿಗೂ ಹೃದಯಕ್ಕೂ ಆಪತ್ತು. ಒದ್ದೆ ಕೈಯಲ್ಲಿ ಗೀಸರಿನ ನಲ್ಲಿ ಮುಟ್ಟಿ ಒಬ್ಬರು ಒದ್ದಾಡುತ್ತಿದ್ದರೂ ಎಂಸಿಬಿಯ ಲೆಕ್ಕಕ್ಕೆ ಅದು ಒಂದು ಸಣ್ಣ ಬಲ್ಬು ಉರಿದಷ್ಟೇ.

ಆ ಜೀವವನ್ನು ಕಾಯುವುದು ಆರ್‌ಸಿಸಿಬಿ (ರೆಸಿಡ್ಯುಯಲ್ ಕರೆಂಟ್ ಸರ್ಕ್ಯೂಟ್ ಬ್ರೇಕರ್). ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ಹಿಂದಿರುಗಿತೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್‌ನಷ್ಟು ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟ್ ಯಾರದೋ ಮೈಯಿಂದಲೋ ಒದ್ದೆ ಗೋಡೆಯಿಂದಲೋ ಭೂಮಿಗೆ ಸೋರುತ್ತಿದ್ದರೆ, 0.3 ಸೆಕೆಂಡಿನೊಳಗೆ ಕಡಿದುಹಾಕುತ್ತದೆ. ಸೋರಿಕೆ ದೊಡ್ಡದಾದಷ್ಟೂ ಇನ್ನೂ ಬೇಗ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಮನೆಗಳಿಗೆ ಹೇಳುವ ಮಿತಿಯೂ ಈ 30 ಮಿಲಿ ಆಂಪಿಯರ್. ಹಾಗಾಗಿ ಖರ್ಚು ಉಳಿಸಲು ‘ಎಂಸಿಬಿ ಹಾಕಿದ್ದೀವಲ್ಲ, ಸಾಕು’ ಎನ್ನುವವರ ಮಾತಿಗೆ ಒಪ್ಪಬೇಡಿ.

ಪೆಟ್ಟಿಗೆ ಬದಲಾದರೆ ಸಾಲದು

ಹಳೆಯ ಹಲಗೆ ಕಿತ್ತು ಹೊಸ ಬಾಕ್ಸ್ ಕೂರಿಸಿದ ಮಾತ್ರಕ್ಕೆ ಮನೆ ಸುರಕ್ಷಿತವಾಗುವುದಿಲ್ಲ. ಬಾಕ್ಸಿನ ಹಿಂದೆ ಏನಿದೆ ಎಂಬುದು ಮುಖ್ಯ. ಮರದ ಪಟ್ಟಿಯೊಳಗೆ ಹಾಯಿಸಿದ ಹಳೆಯ ವೈರಿನ ರಬ್ಬರ್ ಹೊದಿಕೆ ಎಷ್ಟೋ ಕಡೆ ಮುಟ್ಟಿದರೆ ಉದುರುತ್ತದೆ. ಇಲಿ ಕಡಿದ ಜಾಗಗಳಿರುತ್ತವೆ. ಅಲ್ಯುಮಿನಿಯಂ ತಂತಿ ಹಾಕಿದ ಮನೆಗಳಲ್ಲಿ ವರ್ಷ ಕಳೆದಂತೆ ಸ್ಕ್ರೂ ಕೆಳಗೆ ತಂತಿ ಸಡಿಲಾಗಿ ಆ ಜಾಗ ಕಾಯತೊಡಗುತ್ತದೆ. ಆದ್ದರಿಂದ ಮೊದಲು ತಂತಿಯ ಹೊದಿಕೆಯ ನಿರೋಧ ಅಳೆಯುವ ಮೆಗ್ಗರ್ ಹಚ್ಚಿ 500 ವೋಲ್ಟ್‌ನಲ್ಲಿ ಪರೀಕ್ಷೆ ಮಾಡಿಸಿ. ನಿರೋಧ ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದ ಸರ್ಕ್ಯೂಟಿನ ತಂತಿ ಬದಲಾಗಲೇಬೇಕು.

ತಂತಿಯ ಗಾತ್ರ ನೋಡಿ ಎಂಸಿಬಿ ಆರಿಸಬೇಕೇ ಹೊರತು ಗೀಸರಿನ ಗಾತ್ರ ನೋಡಿ ಅಲ್ಲ. ದೀಪ–ಫ್ಯಾನಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ 6 ಅಥವಾ 10 ಆಂಪಿಯರ್, ಪವರ್ ಪ್ಲಗ್ಗಿನ 2.5ರ ತಂತಿಗೆ 16, ದೊಡ್ಡ ಗೀಸರ್ ಮತ್ತು ಏಸಿಗೆ ಹಾಕುವ 4ರ ತಂತಿಗೆ 20 ಎಂಬುದು ಸಾಮಾನ್ಯ ರೂಢಿ. ಪದೇ ಪದೇ ಬೀಳುತ್ತದೆಂದು 16ರ ಜಾಗದಲ್ಲಿ 32ರ ಎಂಸಿಬಿ ಹಾಕಿಸಿದರೆ, ಅದು ನಾಲ್ಕೆಳೆ ತಾಮ್ರ ಹುರಿಮಾಡಿ ಸಿಕ್ಕಿಸಿದ ಹಳೆಯ ತಪ್ಪೇ.

ಇನ್ನು ಅರ್ಥಿಂಗ್. ಹಳೆಯ ಮನೆಗಳಲ್ಲಿ ಅರ್ಥ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತುತ್ತಿದ್ದರು. ಆಮೇಲೆ ನಲ್ಲಿ ದುರಸ್ತಿ ಮಾಡಿಸುವಾಗ ಅದೇ ಪೈಪು ಪಿವಿಸಿ ಆಯಿತು. ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯದು. ಮನೆಯ ಅರ್ಥಿಂಗ್ ಅಂದೇ ಕಡಿದುಹೋಗಿದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಇನ್ನು ಕೆಲವೆಡೆ ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿಬಿಟ್ಟಿರುತ್ತಾರೆ. ನ್ಯೂಟ್ರಲ್ ತುಂಡಾದ ದಿನ ಫ್ರಿಜ್ಜಿನ ಮೈಗೇ ಫೇಸ್ ಬಂದು ಕೂರುತ್ತದೆ. ಹಿತ್ತಿಲಲ್ಲಿ ಹೊಸ ಅರ್ಥಿಂಗ್ ಗುಂಡಿ ತೆಗೆಸಿ, ಅಲ್ಲಿಂದ ಪ್ರತಿ ಪ್ಲಗ್ಗಿಗೂ ಹಸಿರು ತಂತಿ ಎಳೆಸುವುದು ಈ ಕೆಲಸದ ಅರ್ಧ ಭಾಗ. ಆರ್‌ಸಿಸಿಬಿ ಅರ್ಥಿಂಗ್ ಇಲ್ಲದೆಯೂ ಬೀಳುತ್ತದೆ, ನಿಜ. ಆದರೆ ಆಗ ಸೋರಿಕೆ ಗೊತ್ತಾಗುವುದು ಯಾರಾದರೂ ಮುಟ್ಟಿದ ಮೇಲೆ. ಅರ್ಥಿಂಗ್ ಇದ್ದರೆ ಮುಟ್ಟುವ ಮೊದಲೇ.

ಟ್ರಿಪ್ ಆದರೆ ಬೈಯಬೇಡಿ

ಹೊಸ ಬಾಕ್ಸ್ ಬಂದ ಮೊದಲ ವಾರ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಮನೆಯವರು ಬೇಸತ್ತು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಾರೆ. ಆತ ಆರ್‌ಸಿಸಿಬಿಯನ್ನೇ ದಾಟಿಸಿ ನೇರ ಲೈನ್ ಕೊಟ್ಟು ಹೋಗುತ್ತಾನೆ. ಅಲ್ಲಿಗೆ ಖರ್ಚು ಮಾಡಿದ್ದೆಲ್ಲ ವ್ಯರ್ಥ.

ಬೀಳುವುದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಗೀಸರಿನ ಕಾಯಿಲ್ ಸವೆದು ನೀರಿಗೆ ಕರೆಂಟ್ ಸೋರುತ್ತಿರಬಹುದು. ಮಳೆಗಾಲದಲ್ಲಿ ತೇವ ಹಿಡಿದ ಗೋಡೆಯ ಸ್ವಿಚ್‌ಬೋರ್ಡ್ ಇರಬಹುದು. ಎರಡು ಸರ್ಕ್ಯೂಟುಗಳ ನ್ಯೂಟ್ರಲ್ ಎಲ್ಲೋ ಒಂದಾಗಿರಬಹುದು. ಹಳೆಯ ವೈರಿಂಗ್‌ನಲ್ಲಿ ಇದು ತೀರಾ ಸಾಮಾನ್ಯ. ಯುಪಿಎಸ್ ಇರುವ ಮನೆಗಳಲ್ಲಿ ಯುಪಿಎಸ್ ದೀಪಗಳ ನ್ಯೂಟ್ರಲ್ ಬೇರೆ ಸಾಲಿಗೆ ಸೇರಿಕೊಂಡು ಲೆಕ್ಕ ತಪ್ಪಿಸುವುದೂ ಉಂಟು. ಒಂದೊಂದೇ ಸರ್ಕ್ಯೂಟ್ ಬಿಡಿಸಿ ನೋಡುವ ತಾಳ್ಮೆಯಿರುವ ಎಲೆಕ್ಟ್ರಿಷಿಯನ್ ಬೇಕು. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕುವ ಬದಲು ಎರಡು ಹಾಕಿಸಿದರೆ, ಬಚ್ಚಲಿನ ದೋಷಕ್ಕೆ ಮನೆಯೆಲ್ಲ ಕತ್ತಲಾಗುವುದು ತಪ್ಪುತ್ತದೆ, ದೋಷ ಹುಡುಕುವುದೂ ಸುಲಭ.

ಯಾರಿಂದ ಮಾಡಿಸಬೇಕು?

ಇದು ಸ್ವಂತ ಕೈಯಿಂದ ಮಾಡುವ ಕೆಲಸ ಖಂಡಿತ ಅಲ್ಲ. ಮನೆಯ ಮೈನ್ ಸ್ವಿಚ್ ಆರಿಸಿದರೂ ಮೀಟರಿನಿಂದ ಮೈನ್ ಸ್ವಿಚ್‌ವರೆಗಿನ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೀಟರಿನ ಸೀಲ್ ಮುಟ್ಟುವ ಅಧಿಕಾರ ವಿದ್ಯುತ್ ಕಂಪನಿಗೆ ಮಾತ್ರ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಗೇ ಕೆಲಸ ವಹಿಸಿ, ನಿಮ್ಮ ಸೆಕ್ಷನ್ ಆಫೀಸಿಗೆ ಮೊದಲೇ ತಿಳಿಸಿ, ಲೈನ್ ಕಡಿಸಿಯೇ ಶುರುಮಾಡಿ. ಮಂಜೂರಾದ ಲೋಡ್ ಈಗಿನ ಬಳಕೆಗೆ ಸಾಲದಿದ್ದರೆ ಅದನ್ನೂ ಹೆಚ್ಚಿಸಿಕೊಳ್ಳಿ. ಐಎಸ್‌ಐ ಗುರುತಿಲ್ಲದ ಎಂಸಿಬಿ, ವೈರು ಅಗ್ಗಕ್ಕೆ ಸಿಕ್ಕರೂ ಬೇಡ. ಸಿಡಿಲು ಹೆಚ್ಚಿರುವ ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಾಕ್ಸಿನೊಳಗೆ ಸರ್ಜ್ ತಡೆಯುವ ಸಾಧನವನ್ನೂ ಸೇರಿಸುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ಯಾವ ಎಂಸಿಬಿ ಯಾವ ಕೋಣೆಗೆ ಎಂದು ಕನ್ನಡದಲ್ಲೇ ಬರೆದು ಅಂಟಿಸಿ. ಆಪತ್ತಿನಲ್ಲಿ ಅದನ್ನು ಓದಬೇಕಾದವರು ಮನೆಯ ಹಿರಿಯರೋ ಮಕ್ಕಳೋ ಆಗಿರಬಹುದು.

ತೇಗದ ಹಲಗೆಯ ಮೇಲೆ ಮನೆಯವರಿಗೆ ಪ್ರೀತಿಯಿದ್ದರೆ, ತಂತಿ ಬಿಚ್ಚಿಸಿ, ಒರೆಸಿ, ಅಲಂಕಾರಕ್ಕೆ ಗೋಡೆಯ ಮೇಲೆ ಇಟ್ಟುಕೊಳ್ಳಲಿ. ಕರೆಂಟ್ ಮಾತ್ರ ಅದರ ಮೇಲೆ ಹರಿಯುವುದು ಬೇಡ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಬೋರ್ಡಿನ ಮುಂದೆ ನಿಂತು ನೋಡಿ. ಪಿಂಗಾಣಿ ಫ್ಯೂಸ್ ಕಂಡರೆ ಮಳೆಗಾಲ ಕಾಯದೆ ಬದಲಾಯಿಸಲು ತೀರ್ಮಾನಿಸಿ. ಆರ್‌ಸಿಸಿಬಿ ಈಗಾಗಲೇ ಇದ್ದರೆ ಅದರ ಮೇಲಿನ ‘ಟಿ’ ಎಂಬ ಪರೀಕ್ಷಾ ಗುಂಡಿಯನ್ನು ಒಮ್ಮೆ ಒತ್ತಿ. ಥಟ್ಟನೆ ಬಿದ್ದರೆ ಅದರ ಒಳಯಂತ್ರ ಚೆನ್ನಾಗಿದೆ. ಬೀಳದಿದ್ದರೆ ನಾಳೆಯೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಊರಿನಲ್ಲಿ ಹಳೆಯ ಮನೆಯಲ್ಲಿ ಒಬ್ಬರೇ ಇರುವ ಅಪ್ಪ, ಅಮ್ಮ, ಅಜ್ಜಿ ಇದ್ದರೆ, ಮುಂದಿನ ಹಬ್ಬಕ್ಕೆ ಹೋದಾಗ ಅವರ ಮನೆಯ ಬೋರ್ಡನ್ನೂ ನೋಡಿ ಬನ್ನಿ. ಅವರಿಗೆ ಸೀರೆ, ಪಂಚೆಗಿಂತ ಮೊದಲು ಕೊಡಿಸಬೇಕಾದ ವಸ್ತು ಹೊಸ ಬೋರ್ಡು.